ರಾತ್ರಿ ಎಂಟೂವರೆಯ ಸಂದೇಶಗಳು: ಒಬ್ಬ ಪ್ರಭಾರ ಮುಖ್ಯ ಶಿಕ್ಷಕಿಯ ಒತ್ತಡದ ಪ್ರಕರಣ

ಈ ಬರಹದಲ್ಲಿರುವ ಶಿಕ್ಷಕಿ ಇದನ್ನು ಪೂರ್ತಿ ಓದಿ ಒಪ್ಪಿದ್ದಾರೆ. ಊರು, ವಯಸ್ಸು, ಮನೆಯವರ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಮಕ್ಕಳು ಕರೆಯುವಂತೆ ಅವರನ್ನು ಇಲ್ಲಿ ‘ಟೀಚರ್’ ಎಂದೇ ಕರೆಯುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ನಮ್ಮ ‘ಮನೋಚೈತನ್ಯ’ ಮಾನಸಿಕ ಆರೋಗ್ಯ ಕ್ಲಿನಿಕ್‌ಗೆ ಇಂಥವರು ಬರುವುದು ಅಪರೂಪ. ಬರುವವರಲ್ಲಿ ಹೆಚ್ಚಿನವರು ಕಾಯಿಲೆ ಬಲಿತ ಮೇಲೆ ಬರುತ್ತಾರೆ. ದಿನದಿನದ ಒತ್ತಡ ಇನ್ನೂ ಕಾಯಿಲೆಯಾಗದಿರುವಾಗಲೇ ಒಬ್ಬರು ಬಂದರು ಎಂಬ ಕಾರಣಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆದಿಡಬೇಕು ಎನ್ನಿಸಿತು.

ಹಿನ್ನೆಲೆ

ಟೀಚರ್‌ಗೆ ನಲವತ್ತು ದಾಟಿದೆ. ಬಯಲುಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸುತ್ತಾರೆ. ಮುಖ್ಯ ಶಿಕ್ಷಕರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಹಿರಿತನದ ಲೆಕ್ಕದಲ್ಲಿ ಪ್ರಭಾರ ಇವರ ಹೆಗಲಿಗೆ ಬಿತ್ತು. ಪಾಠದ ಹೊರೆಯಲ್ಲಿ ಒಂದು ಅವಧಿಯೂ ಕಡಿಮೆಯಾಗಲಿಲ್ಲ.

ಶಾಲೆ ಬೆಳಿಗ್ಗೆ ಹತ್ತಕ್ಕೆ. ಅಷ್ಟರೊಳಗೆ ಕ್ಷೀರಭಾಗ್ಯದ ಹಾಲಿನ ಪುಡಿ ಕಲಸಿ ಕುದಿಸಿರಬೇಕು, ಅಡುಗೆಯವರಿಗೆ ಅಕ್ಕಿ, ಬೇಳೆ, ಎಣ್ಣೆ ತೂಗಿ ಕೊಟ್ಟು ದಾಸ್ತಾನು ಪುಸ್ತಕದಲ್ಲಿ ಬರೆದಿರಬೇಕು, ಮೊಟ್ಟೆ ಬಂದಿವೆಯೇ ನೋಡಬೇಕು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಣಿಸಿಡಬೇಕು. ಪ್ರಾರ್ಥನೆ ಮುಗಿಯುತ್ತಲೇ ಹಾಜರಾತಿ ಮತ್ತು ಬಿಸಿಯೂಟದ ಮಕ್ಕಳ ಸಂಖ್ಯೆ ಮೇಲಕ್ಕೆ ಹೋಗಬೇಕು. ಅಷ್ಟರಲ್ಲಿ ಯಾವುದೋ ಮಗುವಿನ ಆಧಾರ್‌ನಲ್ಲಿರುವ ಹೆಸರಿಗೂ ಶಾಲಾ ದಾಖಲೆಯ ಹೆಸರಿಗೂ ಒಂದಕ್ಷರ ಹೊಂದದೆ ವಿದ್ಯಾರ್ಥಿವೇತನ ನಿಂತಿರುತ್ತದೆ. ಮಗುವಿನ ತಂದೆ ಕೂಲಿ ಬಿಟ್ಟು ಬಂದು ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಇಷ್ಟೆಲ್ಲ ಆದ ಮೇಲೆ ಏಳನೇ ತರಗತಿಗೆ ಭಿನ್ನರಾಶಿ.

ಮನೆಯಲ್ಲಿ ಪಾರ್ಶ್ವವಾಯುವಿನಿಂದ ಎಡಗೈ ಸ್ವಾಧೀನ ಕಳೆದುಕೊಂಡ ಅತ್ತೆ, ದ್ವಿತೀಯ ಪಿಯುಸಿ ಓದುವ ಮಗ, ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ ನಡೆಸುವ ಗಂಡ. ಹಣದ ಮುಗ್ಗಟ್ಟಿಲ್ಲ, ಜಗಳವಿಲ್ಲ, ಕುಡಿತವಿಲ್ಲ. ‘ನಿನಗೇನು ಕಡಿಮೆ?’ ಎಂದು ನೆಂಟರು ಕೇಳುವಂಥ ಮನೆ. ಆ ಪ್ರಶ್ನೆಗೆ ಉತ್ತರ ಕೊಡಲಾಗದೆ ಹೋಗುವುದೂ ಅವರ ಒತ್ತಡದ ಒಂದು ಭಾಗವೇ ಆಗಿತ್ತು.

ತೊಂದರೆ ಕಾಣಿಸಿಕೊಂಡ ಬಗೆ

2025ರ ಜೂನ್‌ನಲ್ಲಿ ಶಾಲೆ ಶುರುವಾದ ಕೆಲವು ವಾರಗಳಲ್ಲಿ ಟೀಚರ್ ಮೊದಲು ಹೋದದ್ದು ಸಾಮಾನ್ಯ ವೈದ್ಯರ ಬಳಿಗೆ. ಸಂಜೆಯಾದರೆ ಕತ್ತಿನಿಂದ ಹಣೆಯವರೆಗೆ ಬಿಗಿಯುವ ತಲೆನೋವು, ಎದೆ ಢವಢವ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ. ಇಸಿಜಿ ಸರಿಯಿತ್ತು. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಗಳೂ ಸರಿಯಿದ್ದವು. ರಕ್ತದೊತ್ತಡ 140/90ರ ಗಡಿಯ ಸಮೀಪ ಓಡಾಡುತ್ತಿತ್ತು. ವೈದ್ಯರು ಮಾತ್ರೆ ಬರೆಯಲು ಆತುರಪಡದೆ ನಮ್ಮಲ್ಲಿಗೆ ಕಳುಹಿಸಿದರು. ಈ ಕ್ರಮ ಸರಿಯಾದದ್ದು: ಎದೆ ಬಡಿತ, ನಿದ್ರಾಭಂಗಗಳನ್ನು ‘ಬರೀ ಟೆನ್ಶನ್’ ಎಂದು ತಳ್ಳಿಹಾಕುವ ಮೊದಲು ದೇಹವನ್ನು ಒಮ್ಮೆ ನೋಡಿಬಿಡಬೇಕು. ಹೆಂಗಸರ ವಿಷಯದಲ್ಲಿ ಹಾಗೆ ನೋಡದೇ ತಳ್ಳಿಹಾಕುವುದು ಇನ್ನೂ ನಡೆದೇ ಇದೆ.

ಅವರನ್ನು ಆಸ್ಪತ್ರೆಗೆ ತಂದದ್ದು ತಲೆನೋವಲ್ಲ. ಆರನೇ ತರಗತಿಯ ಒಬ್ಬ ಹುಡುಗಿ ಲೆಕ್ಕದ ಪುಸ್ತಕ ಮರೆತು ಬಂದಿದ್ದಳು. ಟೀಚರ್ ಕೂಗಿದ ಕೂಗಿಗೆ ಪಕ್ಕದ ಕೋಣೆಯ ಮಕ್ಕಳೂ ಸುಮ್ಮನಾದರಂತೆ. ಮಾರನೆಯ ದಿನ ಆ ಹುಡುಗಿ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ‘ಇಪ್ಪತ್ತು ವರ್ಷದಲ್ಲಿ ನನಗೆ ಹೆದರಿ ಶಾಲೆ ತಪ್ಪಿಸಿದ ಮಗು ಇದೊಂದೇ’ ಎಂದರು. ತಲೆನೋವಿನ ಬಗ್ಗೆ ಹೇಳುವಾಗ ನಿರ್ಲಿಪ್ತವಾಗಿದ್ದ ಧ್ವನಿ ಇಲ್ಲಿ ನಡುಗಿತು.

ಮೊದಲ ಭೇಟಿಯಲ್ಲಿ ಕೆಲವು ಪ್ರಶ್ನೆಗಳನ್ನು ಸುತ್ತುಬಳಸದೆ ಕೇಳಲೇಬೇಕು. ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸು ಕುಗ್ಗಿಯೇ ಇದೆಯೇ, ಇಷ್ಟವಾಗಿದ್ದ ಯಾವುದರಲ್ಲೂ ರುಚಿಯಿಲ್ಲವೇ, ಬದುಕೇ ಬೇಡ ಎನ್ನಿಸಿದೆಯೇ? ಇಂಥದ್ದಿದ್ದರೆ ಉಸಿರಾಟ, ದಿನಚರಿ ಎಂದು ಕಾಲ ಕಳೆಯದೆ ಮನೋವೈದ್ಯರ ಕಡೆಗೆ ಕರೆದೊಯ್ಯಬೇಕು. ಕೊನೆಯ ಪ್ರಶ್ನೆಗೆ ಟೀಚರ್ ಕೊಟ್ಟ ಉತ್ತರವನ್ನು ಕಡತದಲ್ಲಿ ಹಾಗೆಯೇ ಬರೆದುಕೊಂಡೆ: ‘ಅಂಥದ್ದೇನಿಲ್ಲ. ಆದರೆ ಜ್ವರ ಬಂದು ಎರಡು ದಿನ ಆಸ್ಪತ್ರೆಯಲ್ಲಿ ಮಲಗಿದರೆ ಚೆನ್ನಾಗಿತ್ತು ಎಂದು ಆಸೆಯಾಗುತ್ತದೆ.’ ವಿಶ್ರಾಂತಿಗೆ ಕಾಯಿಲೆಯ ಅನುಮತಿ ಬೇಕು ಎನ್ನುವ ಈ ಆಸೆಯನ್ನು ಅಂಗನವಾಡಿ ಕಾರ್ಯಕರ್ತೆಯರ ಬಾಯಲ್ಲೂ, ನರ್ಸ್‌ಗಳ ಬಾಯಲ್ಲೂ ಕೇಳಿದ್ದೇನೆ. ಇದು ಖಿನ್ನತೆಯಲ್ಲ, ಆದರೂ ಅದಕ್ಕೆ ಹೋಗುವ ದಾರಿಯಲ್ಲಿ ಬಹಳ ದೂರ ಬಂದಾಗಿದೆ ಎಂಬುದರ ಸೂಚನೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹನ್ ಮತ್ತು ಸಂಗಡಿಗರು 1983ರಲ್ಲಿ ರೂಪಿಸಿದ ಒತ್ತಡದ ಪ್ರಶ್ನಾವಳಿಯ ಹತ್ತು ಪ್ರಶ್ನೆಗಳ ರೂಪವನ್ನು ಬಳಸಿದೆವು. ಕಳೆದ ಒಂದು ತಿಂಗಳಲ್ಲಿ ಬದುಕು ಎಷ್ಟು ಕೈಮೀರಿದಂತೆ ಅನ್ನಿಸಿತು ಎಂಬುದನ್ನು ಅದು 0ರಿಂದ 40ರವರೆಗೆ ಅಳೆಯುತ್ತದೆ. 27 ಅಥವಾ ಅದಕ್ಕೂ ಮೇಲಿದ್ದರೆ ಸಾಮಾನ್ಯವಾಗಿ ಹೆಚ್ಚಿನ ಒತ್ತಡವೆಂದು ಎಣಿಸುತ್ತಾರೆ. ಟೀಚರ್ ಆ ಗಡಿ ದಾಟಿದ್ದರು.

ಅವರೇ ಮಾಡಿ ನೋಡಿದ್ದು

ನಮ್ಮಲ್ಲಿಗೆ ಬರುವ ಮೊದಲು ಟೀಚರ್ ಸುಮ್ಮನೆ ಕೂತಿರಲಿಲ್ಲ. ಮೊಬೈಲಿನಲ್ಲಿ ನೋಡಿದ ಒಂದು ಕಾರ್ಯಕ್ರಮದಂತೆ ನಸುಕಿನ ನಾಲ್ಕೂವರೆಗೆ ಎದ್ದು ಮುಕ್ಕಾಲು ಗಂಟೆ ಪ್ರಾಣಾಯಾಮ, ಧ್ಯಾನ ಶುರುಮಾಡಿದ್ದರು. ಮಲಗುವ ಹೊತ್ತು ಮಾತ್ರ ಹನ್ನೊಂದೂವರೆಯೇ ಉಳಿಯಿತು. ಮೊದಲೇ ಕಡಿಮೆಯಿದ್ದ ನಿದ್ರೆಯಿಂದ ಇನ್ನೊಂದು ಗಂಟೆ ಕತ್ತರಿಸಿ ಅದನ್ನು ಧ್ಯಾನಕ್ಕೆ ಕೊಟ್ಟಂತಾಯಿತು. ಧ್ಯಾನಕ್ಕೆ ಕೂತಲ್ಲೇ ತೂಕಡಿಕೆ. ತಪ್ಪಿದ ದಿನ ‘ಇಷ್ಟೂ ನನ್ನಿಂದ ಆಗಲಿಲ್ಲ’ ಎಂಬ ಕೊರಗು. ಕೊನೆಗೆ ಬಿಟ್ಟರು, ಕೊರಗು ಮಾತ್ರ ಉಳಿಯಿತು.

ಎರಡನೆಯದು ಚಹಾ. ಮನೆಯಲ್ಲಿ ಎರಡು, ಬಸ್ ನಿಲ್ದಾಣದಲ್ಲಿ ಒಂದು, ಶಾಲೆಯಲ್ಲಿ ಹಾಲಿನ ಜೊತೆಗೇ ಒಂದು, ಊಟದ ಮೇಲೊಂದು, ಸಂಜೆ ಮನೆ ಮುಟ್ಟಿದೊಡನೆ ಒಂದು, ರಾತ್ರಿ ಲೆಕ್ಕಪತ್ರ ಬರೆಯಲು ಇನ್ನೊಂದು. ಅದು ಅವರಿಗೆ ಔಷಧಿಯಂತೆ ಕಾಣುತ್ತಿತ್ತೇ ಹೊರತು ತೊಂದರೆಯ ಪಟ್ಟಿಯಲ್ಲಿ ಇರಲಿಲ್ಲ.

ಮೂರನೆಯದು ಸ್ವಲ್ಪ ನಾಟಕೀಯ. ಒಂದು ಶನಿವಾರ ಬೇಸತ್ತು ಕಚೇರಿಯ ವಾಟ್ಸ್‌ಆ್ಯಪ್ ಗುಂಪುಗಳ ಸದ್ದನ್ನೆಲ್ಲ ಅಡಗಿಸಿ, ಸೋಮವಾರದವರೆಗೂ ತೆರೆಯಲಿಲ್ಲ. ಆ ನಡುವೆ ಬಂದಿದ್ದ ಒಂದು ನಿಜವಾದ ತುರ್ತು ಸುತ್ತೋಲೆ ತಪ್ಪಿಹೋಯಿತು. ಸೋಮವಾರ ಎಲ್ಲರೆದುರು ಫೋನಿನಲ್ಲಿ ಮಾತು ಕೇಳಬೇಕಾಯಿತು. ಅಂದಿನಿಂದ ಅವರು ಫೋನನ್ನು ದಿಂಬಿನ ಪಕ್ಕ ಇಟ್ಟು ಮಲಗತೊಡಗಿದರು.

ಈ ಮೂರರಲ್ಲಿ ಮೊದಲನೆಯದು ಹೆಚ್ಚು ಕಲಿಸುತ್ತದೆ ಎಂದು ನನ್ನ ಅಭಿಪ್ರಾಯ. ಪ್ರಾಣಾಯಾಮದ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಮುಂದೆ ನಾವೂ ಉಸಿರನ್ನೇ ಹಿಡಿದುಕೊಂಡೆವು. ಆದರೆ ಕೈತುಂಬ ಕೆಲಸವಿರುವವರಿಗೆ ಒತ್ತಡ ಕಳೆಯುವ ಉಪಾಯವನ್ನೂ ಇನ್ನೊಂದು ಕೆಲಸವನ್ನಾಗಿಯೇ ಕೊಟ್ಟರೆ, ಅದಕ್ಕೂ ಹಾಜರಾತಿ, ಗೈರುಹಾಜರಿ ಶುರುವಾಗುತ್ತದೆ. ಅದಕ್ಕಾಗಿ ಈ ಪ್ರಕರಣದಲ್ಲಿ ಒಂದು ನಿಯಮ ಮಾಡಿಕೊಂಡೆವು: ಏನನ್ನಾದರೂ ದಿನಕ್ಕೆ ಸೇರಿಸುವ ಮೊದಲು ಏನನ್ನಾದರೂ ತೆಗೆಯಬೇಕು.

ಒಂದು ವಾರದ ದಿನಚರಿ

ಏನನ್ನು ತೆಗೆಯಬೇಕು ಎಂದು ತಿಳಿಯಲು ಒಂದು ವಾರ ಟಿಪ್ಪಣಿ ಬರೆಯಲು ಕೇಳಿದೆ. ಎದೆ ಬಡಿದಾಗ, ಸಿಟ್ಟು ಬಂದಾಗ, ಕತ್ತು ಬಿಗಿದಾಗ ಹೊತ್ತು ಎಷ್ಟು, ಆಗ ಏನಾಗುತ್ತಿತ್ತು, ತಾವೇನು ಮಾಡಿದರು. ಮೂರೇ ವಿಷಯ, ಒಂದೊಂದು ಸಾಲು. ಪಾಠ ಟಿಪ್ಪಣಿ ಬರೆದು ರೂಢಿಯಿದ್ದ ಕೈ. ಚೆನ್ನಾಗಿ ಬರೆದು ತಂದರು.

ಬರುವಾಗ ಅವರ ಊಹೆ ಬೇರೆಯೇ ಇತ್ತು. ‘ಅತ್ತೆಯನ್ನು ನೋಡಿಕೊಳ್ಳುವುದೇ ಭಾರವಾಗಿರಬೇಕು, ಹೇಳಲು ನಾಚಿಕೆ’ ಎಂದಿದ್ದರು. ಗಂಡನೂ ಹಾಗೇ ಎಣಿಸಿ, ಅತ್ತೆಯನ್ನು ಕೆಲವು ದಿನ ನಾದಿನಿಯ ಮನೆಗೆ ಕಳುಹಿಸುವ ಮಾತಾಡಿದ್ದರು. ದಿನಚರಿಯಲ್ಲಿ ಅತ್ತೆಯ ಹೆಸರು ಒಂದೇ ಕಡೆ ಇತ್ತು, ಅದೂ ತಲೆಕೆಳಗಾಗಿ: ‘ಸಂಜೆ ಆರೂವರೆ. ಅತ್ತೆಗೆ ತಲೆ ಬಾಚಿ, ರಾಗಿ ಅಂಬಲಿ ಕುಡಿಸಿದೆ. ಕತ್ತು ನೋವು ಗೊತ್ತಾಗಲಿಲ್ಲ.’ ಆ ಅರ್ಧ ಗಂಟೆಯಲ್ಲಿ ಯಾರೂ ಅವರನ್ನು ಏನೂ ಕೇಳುವುದಿಲ್ಲ, ಫೋನ್ ಹಿಡಿಯಲು ಕೈ ಖಾಲಿಯಿರುವುದಿಲ್ಲ, ಕೆಲಸಕ್ಕೊಂದು ಕೊನೆಯಿದೆ. ಅತ್ತೆಯನ್ನು ಕಳುಹಿಸಿದ್ದರೆ ದಿನದ ಅತ್ಯಂತ ಶಾಂತವಾದ ಹೊತ್ತನ್ನೇ ಕಳುಹಿಸಿದಂತಾಗುತ್ತಿತ್ತು.

ಒತ್ತಡ ಮುದ್ದೆಗಟ್ಟಿದ್ದು ಎರಡು ಕಡೆ. ಬೆಳಿಗ್ಗೆ ಒಂಬತ್ತೂ ನಲವತ್ತರಿಂದ ಹತ್ತೂವರೆ, ರಾತ್ರಿ ಎಂಟೂವರೆಯಿಂದ ಹತ್ತೂವರೆ. ಬೆಳಗಿನದ್ದು ಅರ್ಥವಾಗುವಂಥದ್ದು. ರಾತ್ರಿಯದು ಪೂರ್ತಿ ಫೋನಿನದು. ‘ತುರ್ತು’, ‘ಈ ಕೂಡಲೇ’, ‘ನಾಳೆ ಬೆಳಿಗ್ಗೆ ಒಂಬತ್ತರೊಳಗೆ’ ಎಂಬ ಒಕ್ಕಣೆಯ ಸಂದೇಶಗಳು. ಇನ್ನೂ ಒಂದು ಎಳೆ ಸಿಕ್ಕಿತು: ಅಂಥ ಸಂದೇಶ ನೋಡಿ ಮಲಗಿದ ರಾತ್ರಿಗಳಲ್ಲೇ ಮೂರು ಗಂಟೆಯ ಎಚ್ಚರ. ಆ ವಾರದ ಸಂದೇಶಗಳನ್ನು ಇಬ್ಬರೂ ಕೂತು ಮತ್ತೊಮ್ಮೆ ಓದಿದೆವು. ಹೆಚ್ಚಿನವು ಮೊದಲೇ ಒಮ್ಮೆ ಕೊಟ್ಟಿದ್ದ ಮಾಹಿತಿಯನ್ನು ಬೇರೆ ನಮೂನೆಯಲ್ಲಿ ಕೇಳುವಂಥವು: ತರಗತಿವಾರು ದಾಖಲಾತಿ, ಗಂಡು ಹೆಣ್ಣು, ಪ್ರವರ್ಗ, ಶೌಚಾಲಯ, ಕೊಠಡಿ, ಬ್ಯಾಂಕ್ ಖಾತೆ. ಕೆಲಸ ದೊಡ್ಡದಲ್ಲ. ಯಾವಾಗ ಬಂದು ಬೀಳುತ್ತದೋ ಎಂಬ ಕಾಯುವಿಕೆ ದೊಡ್ಡದು. ದೇಹಕ್ಕೆ ಸುತ್ತೋಲೆಗೂ ಹಾವಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅಪಾಯವೆಂದು ಮನಸ್ಸು ಹೇಳಿದರೆ ಅಡ್ರಿನಲಿನ್ ಸುರಿಯುತ್ತದೆ, ಹೃದಯ ವೇಗ ಹಿಡಿಯುತ್ತದೆ, ನಿದ್ರೆ ತೆಳುವಾಗುತ್ತದೆ.

ತೆಗೆದದ್ದು

ಮೊದಲು ಕೈಹಾಕಿದ್ದು ರಾತ್ರಿಗೆ. ಫೋನನ್ನು ಪೂರ್ತಿ ಮುಚ್ಚಿಡುವ ದಾರಿ ಒಮ್ಮೆ ಸೋತಿತ್ತು. ಅದು ಸೋತದ್ದು ಯಾರಿಗೂ ಹೇಳದೆ ಮಾಡಿದ್ದರಿಂದ. ಈ ಸಲ ಸಿಆರ್‌ಪಿ (ಸುತ್ತಲಿನ ಶಾಲೆಗಳ ಉಸ್ತುವಾರಿಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರೊಂದಿಗೆ ಮೊದಲೇ ಮಾತಾಡಬೇಕು ಎಂದು ನಿರ್ಧರಿಸಿದೆವು. ಟೀಚರ್ ಒಪ್ಪಲು ಬಹಳ ಹಿಂದೇಟು ಹಾಕಿದರು. ಕೆಲಸಗಳ್ಳಿ ಎಂದುಕೊಳ್ಳುತ್ತಾರೆ ಎಂಬ ಅಂಜಿಕೆ. ಒಂದು ಭೇಟಿಯನ್ನು ಇಡಿಯಾಗಿ ಇದಕ್ಕೇ ಇಟ್ಟೆವು: ನಾನು ಸಿಆರ್‌ಪಿ, ಅವರು ಅವರೇ. ಮೊದಲ ಯತ್ನದಲ್ಲಿ ಕ್ಷಮೆ ಕೇಳುತ್ತಲೇ ಮಾತು ಮುಗಿಸಿದರು. ಎರಡನೆಯದರಲ್ಲಿ ದೂರು ಹೇಳಿದರು. ಕೊನೆಗೆ ಗಟ್ಟಿಯಾದದ್ದು ಹೀಗೆ: ‘ಸರ್, ಶಾಲೆ ಬಿಡುವ ಮೊದಲು ಮತ್ತು ರಾತ್ರಿ ಏಳೂವರೆಗೆ ಗುಂಪು ನೋಡಿ ಉತ್ತರ ಕೊಡುತ್ತೇನೆ. ಅದಾದ ಮೇಲೆ ನಿಜವಾಗಿ ತುರ್ತಿದ್ದರೆ ಕರೆ ಮಾಡಿ, ಖಂಡಿತ ಎತ್ತುತ್ತೇನೆ.’ ಇದರಲ್ಲಿ ನಿರಾಕರಣೆಯಿಲ್ಲ. ಯಾವಾಗ ಸಿಗುತ್ತೇನೆ ಎಂಬ ಭರವಸೆಯಿದೆ. ಮೇಲಿನವರೊಂದಿಗೆ ಗಡಿ ಹಾಕಿಕೊಳ್ಳಬೇಕಾದ ಎಲ್ಲರಿಗೂ ಈ ಕ್ರಮವನ್ನು ಈಗ ಹೇಳುತ್ತೇನೆ.

ಸಿಆರ್‌ಪಿ ಕೊಟ್ಟ ಉತ್ತರ ಇಬ್ಬರಿಗೂ ಅನಿರೀಕ್ಷಿತ: ‘ಆಗಲಿ ಮೇಡಂ. ನನಗೂ ರಾತ್ರಿ ಒಂಬತ್ತಕ್ಕೇ ಮೇಲಿನಿಂದ ಬರುತ್ತದೆ, ನಾನು ಅದನ್ನು ಹಾಗೇ ದಾಟಿಸುತ್ತಿದ್ದೆ.’ ಅವರಿಗೂ ನಿದ್ರೆ ಕಡಿಮೆಯಂತೆ. ಅಂದಿನಿಂದ ರಾತ್ರಿ ಬಂದ ಕರೆಗಳನ್ನು ಬೆರಳಲ್ಲಿ ಎಣಿಸಬಹುದು. ಕರೆ ಮಾಡಲು ಬೇಕಾಗುವ ಸಂಕೋಚ ಸಂದೇಶ ದಾಟಿಸಲು ಬೇಕಾಗುವುದಿಲ್ಲ ಎಂಬುದೇ ಇಲ್ಲಿನ ಗುಟ್ಟು.

ಫೋನ್ ನಡುಮನೆಯಲ್ಲಿ ಚಾರ್ಜಿಗೆ ನಿಂತಿತು. ಎಬ್ಬಿಸಲು ಹಳೆಯ ಅಲಾರಂ ಗಡಿಯಾರವನ್ನು ಅಟ್ಟದಿಂದ ಇಳಿಸಿದರು. ಪದೇಪದೇ ಕೇಳುವ ಅಂಕಿಗಳನ್ನೆಲ್ಲ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದು, ತಿಂಗಳ ಮೊದಲ ದಿನ ತಿದ್ದುವ ರೂಢಿ ಮಾಡಿಕೊಂಡರು. ಅರ್ಧ ಗಂಟೆ ಕಡತ ಹುಡುಕುವ ಕೆಲಸ ಐದು ನಿಮಿಷಕ್ಕಿಳಿಯಿತು. ಒತ್ತಡ ನಿರ್ವಹಣೆಯ ಪುಸ್ತಕಗಳಲ್ಲಿ ನೋಟ್‌ಬುಕ್ಕಿನ ಚಿತ್ರ ಇರುವುದಿಲ್ಲ, ಪದ್ಮಾಸನದ ಚಿತ್ರ ಇರುತ್ತದೆ. ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಷ್ಟು ಹಿಂದೆಯೇ ಈ ಎರಡು ದಾರಿಗಳನ್ನು ಬಿಡಿಸಿ ತೋರಿಸಿದ್ದರು: ಒತ್ತಡ ತರುವ ಸಂಗತಿಯನ್ನೇ ಬದಲಿಸುವುದು, ಬದಲಿಸಲಾಗದಿದ್ದರೆ ಅದಕ್ಕೆ ನಮ್ಮ ಭಾವನೆ ಸ್ಪಂದಿಸುವ ಬಗೆಯನ್ನು ನೋಡಿಕೊಳ್ಳುವುದು. ಎರಡನೆಯದನ್ನೇ ಎಲ್ಲರಿಗೂ ಬೋಧಿಸಿ, ಮೊದಲನೆಯದನ್ನು ಮರೆತುಬಿಡುವ ಚಾಳಿ ನಮ್ಮ ಕ್ಷೇತ್ರದಲ್ಲಿ ಇದೆ.

ಮೊಟ್ಟೆಯ ಲೆಕ್ಕವೂ ಒಂದು ಗಂಟು. ನಿಗದಿತ ದರಕ್ಕಿಂತ ಅಂಗಡಿಯ ದರ ಏರಿದ ವಾರಗಳಲ್ಲಿ ಟೀಚರ್ ಕೈಯಿಂದ ಹಾಕುತ್ತಿದ್ದರು. ಮೊತ್ತ ದೊಡ್ಡದಲ್ಲ, ಆದರೆ ಪ್ರತಿ ಬಾರಿಯೂ ಒಳಗೊಳಗೇ ಕುದಿ. ಅದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಬಾಯಿಬಿಟ್ಟು ಹೇಳಿದರು. ಸದಸ್ಯರೊಬ್ಬರು ಹತ್ತಿರದ ಕೋಳಿ ಸಾಕಣೆಯವರಿಂದ ನೇರವಾಗಿ ತರಿಸುವ ಏರ್ಪಾಡು ಮಾಡಿದರು. ಅಕ್ಕಿ ಬೇಳೆ ತೂಗುವುದನ್ನು ಶಿಕ್ಷಕರು ವಾರದ ಸರದಿಯಂತೆ ಹಂಚಿಕೊಂಡರು. ಸಹಿ, ಹೊಣೆ ಟೀಚರ್‌ದೇ. ಮನೆಯಲ್ಲಿ ಅತ್ತೆಯ ಬೆಳಗಿನ ಮಾತ್ರೆ ಮತ್ತು ಮಗನ ಡಬ್ಬಿ ಗಂಡನ ಪಾಲಿಗೆ ಹೋದವು. ಬಿತ್ತನೆಯ ಕಾಲದಲ್ಲಿ ಅಂಗಡಿ ಬೇಗ ತೆರೆಯಬೇಕು ಎಂದು ಅವರು ಗೊಣಗಿದರಂತೆ. ಗೊಣಗುತ್ತಲೇ ಮಾಡುತ್ತಿದ್ದಾರೆ.

ಸೇರಿಸಿದ್ದು

ಇಷ್ಟು ತೆಗೆದ ಮೇಲೆ ಉಸಿರಿನ ಮಾತಿಗೆ ಬಂದೆವು. ಇದಕ್ಕೆ ಹೊಸ ಹೊತ್ತು ಕೊಡಲಿಲ್ಲ. ಶಾಲೆಯಲ್ಲಿ ಗಂಟೆ ಹೇಗೂ ಬಾರಿಸುತ್ತದೆ. ಗಂಟೆಯಾಗಿ ತರಗತಿಯ ಬಾಗಿಲು ದಾಟುವ ಮೊದಲು ಒಂದು ನಿಮಿಷ ನಿಲ್ಲುವುದು: ನಾಲ್ಕು ಎಣಿಸುವವರೆಗೆ ಒಳಕ್ಕೆ, ಆರು ಎಣಿಸುವವರೆಗೆ ಹೊರಕ್ಕೆ. ಹತ್ತು ಸೆಕೆಂಡಿಗೊಂದು ಉಸಿರು, ನಿಮಿಷಕ್ಕೆ ಆರು. ಉಸಿರು ಹೊರಹೋಗುವಾಗ ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಹಾಗಾಗಿ ಹೊರ ಉಸಿರು ಉದ್ದವಾಗಿರುವುದು ಮುಖ್ಯ. ಎದೆಯುಬ್ಬಿಸಿ ದೀರ್ಘವಾಗಿ ಎಳೆದುಕೊಳ್ಳುವುದಕ್ಕೇ ಹೆಚ್ಚಿನವರು ಗಮನ ಕೊಡುತ್ತಾರೆ. ಗಾಬರಿಯಲ್ಲಿ ಅದನ್ನು ಪದೇಪದೇ ಮಾಡಿದರೆ ತಲೆಸುತ್ತು ಬರಬಹುದು.

ಇದರ ಮುಂದಿನ ಹೆಜ್ಜೆ ಟೀಚರ್ ಸ್ವತಃ ಕಂಡುಕೊಂಡದ್ದು. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಅವರು ಸಾಲಿನ ಮುಂದೆ ನಿಂತು ಮನಸ್ಸಿನಲ್ಲೇ ಗೈರುಹಾಜರಾದವರನ್ನು ಎಣಿಸುತ್ತಿದ್ದರು, ಹಾಲು ಉಕ್ಕಿತೋ ಎಂದು ಅಡುಗೆಮನೆ ಕಡೆ ಕಿವಿಯಿಡುತ್ತಿದ್ದರು. ‘ಹಾಡುವಾಗ ಉಸಿರು ಹೊರಗೇ ಹೋಗುತ್ತಿರುತ್ತದಲ್ಲವೇ?’ ಎಂದು ಒಂದು ಮಂಗಳವಾರ ಕೇಳಿದರು. ನಿಜ. ಹಾಡುವುದೆಂದರೆ ಚಿಕ್ಕದಾಗಿ ಎಳೆದುಕೊಂಡು ಉದ್ದಕ್ಕೆ ಬಿಡುವುದೇ. ಅಂದಿನಿಂದ ನಾಡಗೀತೆಯನ್ನು ಮಕ್ಕಳೊಂದಿಗೆ ಗಟ್ಟಿಯಾಗಿ ಹಾಡತೊಡಗಿದರು. ದಿನದ ಅತ್ಯಂತ ಬಿಗಿಯಾದ ಮುಕ್ಕಾಲು ಗಂಟೆಯ ನಡುವೆ ಹೀಗೆ ಕೆಲವು ನಿಮಿಷ ಸಡಿಲವಾದವು. ನನ್ನ ಸಲಹೆಗಳಲ್ಲಿ ಯಾವುದೂ ಇದರಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ.

ಚಹಾವನ್ನು ಒಮ್ಮೆಗೇ ನಿಲ್ಲಿಸಬೇಡಿ ಎಂದು ಎಚ್ಚರಿಸಿದ್ದೆ. ಚಹಾದಲ್ಲಿರುವ ಉತ್ತೇಜಕ ಕೆಫೀನ್ ದಿಢೀರನೆ ತಪ್ಪಿದರೆ ತಲೆನೋವು ಬರುತ್ತದೆ, ಇವರಿಗಂತೂ ಮೊದಲೇ ಇತ್ತು. ಎರಡು ಮೂರು ದಿನಕ್ಕೊಂದು ಲೋಟದಂತೆ ಇಳಿಸಿ, ಮೂರಕ್ಕೆ ತಂದರು. ದೊಡ್ಡವರ ದೇಹದಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಚಹಾದ ಅರ್ಧಭಾಗ ಹನ್ನೊಂದಕ್ಕೂ ಒಳಗೇ ಇರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದಾಗ ಗಣಿತದ ಟೀಚರ್ ತಾವೇ ಮುಂದಿನ ಸಾಲುಗಳನ್ನು ಬರೆದರು. ಸಂಜೆ ನಾಲ್ಕರ ನಂತರದ್ದು ಪೂರ್ತಿ ನಿಂತಿತು.

ಒಗ್ಗದೆ ಬಿಟ್ಟದ್ದು

ಚಿಂತೆಗೊಂದು ಹೊತ್ತು ಗೊತ್ತುಮಾಡಿ, ಬೇರೆ ಹೊತ್ತಿನಲ್ಲಿ ಬಂದ ಚಿಂತೆಯನ್ನು ಆಮೇಲೆ ಎಂದು ಮುಂದೂಡುವ ವಿಧಾನವಿದೆ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಇದನ್ನು ಪರೀಕ್ಷಿಸಿದರು. ಹಲವರಿಗೆ ಚೆನ್ನಾಗಿ ಒಗ್ಗುತ್ತದೆ. ಟೀಚರ್‌ಗೆ ಒಗ್ಗಲಿಲ್ಲ. ಚಿಂತೆಗಳ ಪಟ್ಟಿ ಕಣ್ಣೆದುರು ಉದ್ದವಾದಷ್ಟೂ ಗಾಬರಿ ಹೆಚ್ಚಿತು. ಅದನ್ನೂ ದಾಸ್ತಾನು ಪುಸ್ತಕದಂತೆ ಸರಿತೂಗಿಸಲು ಹೊರಟರು. ಬಿಟ್ಟುಬಿಟ್ಟೆವು.

ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಕಳೆದ ಶತಮಾನದ ಮೊದಲಾರ್ಧದಲ್ಲಿ ರೂಪಿಸಿದ ಸ್ನಾಯು ಸಡಿಲಿಕೆಯನ್ನು ಬಸ್ಸಿನಲ್ಲಿ ಮಾಡಬಹುದು ಎಂದುಕೊಂಡಿದ್ದೆವು. ಒಂದೊಂದೇ ಸ್ನಾಯುಗುಂಪನ್ನು ಬಿಗಿದು, ಬಿಟ್ಟು, ವ್ಯತ್ಯಾಸ ಗಮನಿಸುವ ಅಭ್ಯಾಸ ಅದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಹಣ ಉಳಿಯಿತಾದರೂ ಆ ಮಾರ್ಗದಲ್ಲಿ ಬೆಳಗಿನ ಸೀಟು ಸಿಗುವುದಿಲ್ಲ. ಕಂಬಿ ಹಿಡಿದು ನಿಂತು ಯಾವ ಸ್ನಾಯು ಸಡಿಲಿಸುವುದು? ಸಂಜೆ ಸೀಟು ಸಿಕ್ಕಾಗ ಭುಜ ಮತ್ತು ದವಡೆಯನ್ನಷ್ಟೇ ಮಾಡುತ್ತಾರೆ.

ಕಟ್ಟಿದ್ದೆಲ್ಲ ಕುಸಿದ ತಿಂಗಳು

ಆಗಸ್ಟ್ ಮುಗಿಯುವಾಗ ಮೂರು ಗಂಟೆಯ ಎಚ್ಚರ ವಾರಕ್ಕೊಮ್ಮೆಗೆ ಇಳಿದಿತ್ತು. ಪ್ರಕರಣ ಇಲ್ಲಿಗೇ ಮುಗಿದಿದ್ದರೆ ಬರೆಯಲು ಸುಲಭವಾಗುತ್ತಿತ್ತು.

2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಗಣತಿದಾರರಾಗಿ ಹೊರಟವರಲ್ಲಿ ದೊಡ್ಡ ಪಾಲು ಸರ್ಕಾರಿ ಶಾಲಾ ಶಿಕ್ಷಕರದ್ದು. ಟೀಚರ್‌ಗೂ ಮನೆಗಳ ಪಟ್ಟಿ ಬಂತು. ದಸರಾ ರಜೆ ಅದರಲ್ಲೇ ಕರಗಿತು. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ಕೆಲಸ ಮುಂದುವರಿದು, ರಜೆ 18ರವರೆಗೆ ವಿಸ್ತರಣೆಯಾಯಿತು. ವಿದ್ಯುತ್ ಮೀಟರಿನ ಗುರುತು ಹಿಡಿದು ಮನೆ ಹುಡುಕಬೇಕು, ನೆಟ್‌ವರ್ಕ್ ಇಲ್ಲದ ಹಟ್ಟಿಯಲ್ಲಿ ಆ್ಯಪ್ ತೆರೆಯಬೇಕು, ಅರವತ್ತು ಪ್ರಶ್ನೆಗಳಿಗೆ ಹೊಲದಿಂದ ಬಂದವರನ್ನು ಕೂರಿಸಿ ಉತ್ತರ ಪಡೆಯಬೇಕು. ರಾತ್ರಿ ಏಳೂವರೆಯ ನಿಯಮ ಮೊದಲ ದಿನವೇ ಮುರಿಯಿತು. ಅಂದಿನ ಪ್ರಗತಿಯ ಲೆಕ್ಕ ಕೇಳುವುದೇ ರಾತ್ರಿ. ಫೋನ್ ಮತ್ತೆ ದಿಂಬಿನ ಪಕ್ಕಕ್ಕೆ ಬಂತು. ಚಹಾ ಮನೆಮನೆಯಲ್ಲೂ ಕೊಡುತ್ತಾರೆ, ಬೇಡವೆಂದರೆ ಬೇಸರಪಡುತ್ತಾರೆ.

ಒಂದು ರಾತ್ರಿ ತುಂಬಿದ ಮಾಹಿತಿ ಸಲ್ಲಿಕೆಯಾಗದೆ ಸಿಕ್ಕಿಹಾಕಿಕೊಂಡಾಗ ಟೀಚರ್ ಅಂಗಳದಲ್ಲಿ ಕೂತು ಅತ್ತರು. ನಮ್ಮ ಕ್ಲಿನಿಕ್ ಇರುವುದು ಮಂಗಳವಾರ. ಅದಕ್ಕಾಗಿಯೇ ಮೊದಲ ಭೇಟಿಯಲ್ಲೇ ಟೆಲಿ ಮನಸ್ ಸಂಖ್ಯೆ 14416 ಬರೆದುಕೊಟ್ಟಿದ್ದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸಹಾಯವಾಣಿ ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತನಾಡಬಹುದು. ಅವರು ಕರೆ ಮಾಡಿದರು. ಆ ಬದಿಯವರು ದೊಡ್ಡ ಸಲಹೆಯನ್ನೇನೂ ಕೊಡಲಿಲ್ಲವಂತೆ, ಕೇಳಿಸಿಕೊಂಡರಂತೆ. ಆಮೇಲೆ ಮಲಗಲು ಸಾಧ್ಯವಾಯಿತು.

ಮುಂದಿನ ಮಂಗಳವಾರ ಅವರು ಬಂದದ್ದು ಸೋತ ಮುಖ ಹೊತ್ತು. ಎಲ್ಲ ಬಿಟ್ಟುಹೋಯಿತು, ಮತ್ತೆ ಮೊದಲಿನಿಂದ ಶುರುಮಾಡಬೇಕು ಎಂದರು. ದಿನಚರಿಯನ್ನು ಕೇಳಿದೆ. ಎಲ್ಲ ಬಿಟ್ಟುಹೋಗಿರಲಿಲ್ಲ. ಪ್ರತಿ ಮನೆಯ ಬಾಗಿಲು ತಟ್ಟುವ ಮೊದಲು, ತರಗತಿಯ ಬಾಗಿಲಿನಲ್ಲಿ ನಿಲ್ಲುತ್ತಿದ್ದ ಹಾಗೇ, ಒಂದು ನಿಮಿಷ ನಿಲ್ಲುತ್ತಿದ್ದರು. ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಫೋನಿನ ನಿಯಮಕ್ಕೆ ಬೇರೆಯವರ ಸಹಕಾರ ಬೇಕು, ಚಹಾದ ನಿಯಮಕ್ಕೆ ಸ್ವಂತ ಅಡುಗೆಮನೆ ಬೇಕು. ಬಾಗಿಲಿನ ಉಸಿರಿಗೆ ಬಾಗಿಲೊಂದಿದ್ದರೆ ಸಾಕು. ಬಿಕ್ಕಟ್ಟಿನ ಕಾಲಕ್ಕೆ ಇಡೀ ಯೋಜನೆಯನ್ನು ಹೊತ್ತುಕೊಂಡು ಹೋಗುವುದು ಬೇಡ ಎಂದು ಅಂದು ತೀರ್ಮಾನಿಸಿದೆವು. ಮೂರನ್ನು ಉಳಿಸಿಕೊಂಡೆವು: ಬಾಗಿಲಿನ ಉಸಿರು, ಸಂಜೆ ಅತ್ತೆಯ ತಲೆ ಬಾಚುವ ಅರ್ಧ ಗಂಟೆ, ಎಷ್ಟೇ ಕೆಲಸ ಉಳಿದಿದ್ದರೂ ಹನ್ನೊಂದಕ್ಕೆ ಹಾಸಿಗೆ. ಉಳಿದವನ್ನು ಸಮೀಕ್ಷೆ ಮುಗಿಯುವವರೆಗೆ ಅಧಿಕೃತವಾಗಿ ರಜೆಯ ಮೇಲೆ ಕಳುಹಿಸಿದೆವು. ‘ಅಧಿಕೃತವಾಗಿ’ ಎಂದದ್ದಕ್ಕೆ ಟೀಚರ್ ನಕ್ಕರು. ಆದರೆ ಆ ಒಂದು ಅನುಮತಿಯಿಂದಲೇ ಕೊರಗು ಅರ್ಧ ಇಳಿಯಿತು ಎಂದು ಆಮೇಲೆ ಹೇಳಿದರು.

ನನ್ನ ಲೆಕ್ಕದಲ್ಲಿ ಈ ಪ್ರಕರಣದ ತಿರುವು ಇದೇ, ಸಿಆರ್‌ಪಿ ಜೊತೆಗಿನ ಮಾತುಕತೆಯಲ್ಲ. ಒಳ್ಳೆಯ ತಿಂಗಳಿಗೆ ಒಂದು ಯೋಜನೆ, ಕೆಟ್ಟ ತಿಂಗಳಿಗೆ ಇನ್ನೊಂದು ಚಿಕ್ಕ ಯೋಜನೆ ಎಂದು ಮೊದಲೇ ಬರೆದಿಟ್ಟುಕೊಂಡರೆ ರೂಢಿ ತಪ್ಪಿದಾಗ ಅದು ಸೋಲಿನಂತೆ ಕಾಣುವುದಿಲ್ಲ. ಈಗ ಬರುವವರಿಗೆ ಎರಡನ್ನೂ ಒಂದೇ ಹಾಳೆಯ ಎರಡು ಬದಿಗೆ ಬರೆಸುತ್ತೇನೆ.

ಈಗ ಹೇಗಿದೆ

ನವೆಂಬರ್‌ನಲ್ಲಿ ಹಾಳೆಯ ಮೊದಲ ಬದಿಗೆ ಮರಳಿದರು. ವರ್ಷದ ಕೊನೆಗೆ ಅದೇ ಹತ್ತು ಪ್ರಶ್ನೆಗಳನ್ನು ಮತ್ತೆ ಕೇಳಿದಾಗ ಅಂಕ ಮಧ್ಯಮ ವಲಯದಲ್ಲಿತ್ತು. ಒತ್ತಡವಿಲ್ಲ ಎಂದು ಅದರರ್ಥವಲ್ಲ. ಪ್ರಭಾರ ಹಾಗೇ ಇದೆ, ಪಾಠದ ಅವಧಿಗಳೂ ಅಷ್ಟೇ ಇವೆ. ರಕ್ತದೊತ್ತಡ ಗಡಿಯಿಂದ ಕೆಳಗಿಳಿದಿದೆ, ಔಷಧಿ ಬೇಕಾಗಿಲ್ಲ. ಇದರಲ್ಲಿ ಚಹಾದ ಪಾಲೆಷ್ಟು, ನಿದ್ರೆಯ ಪಾಲೆಷ್ಟು ಎಂದು ಒಂದೇ ಪ್ರಕರಣದಿಂದ ಬಿಡಿಸಿ ಹೇಳಲಾಗದು. ತಲೆನೋವು ತಿಂಗಳ ಕೊನೆಯ ಲೆಕ್ಕಪತ್ರದ ದಿನಗಳಲ್ಲಿ ಈಗಲೂ ಬರುತ್ತದೆ.

ಪುಸ್ತಕ ಮರೆತ ಹುಡುಗಿಯ ಮನೆಗೆ ಟೀಚರ್ ಮೊದಲ ವಾರದಲ್ಲೇ ಹೋಗಿ ಮಾತನಾಡಿಸಿ ಬಂದಿದ್ದರು. ಅವಳು ಈಗ ನೂರು ಪುಟದ ನೋಟ್‌ಬುಕ್ಕಿನಲ್ಲಿ ತಿಂಗಳಿಗೊಮ್ಮೆ ಅಂಕಿ ತಿದ್ದುವಾಗ ಕೂಡಿಸಿ ನೋಡುವ ಕೆಲಸ ಕೇಳಿ ಪಡೆದಿದ್ದಾಳೆ.

ಉಳಿದದ್ದು ಎರಡು ಬಾಕಿ. ಚಳಿಗಾಲದಲ್ಲಿ ಮೊಟ್ಟೆಯ ದರ ಮತ್ತೆ ಏರಿ, ಕೋಳಿ ಸಾಕಣೆಯವರೂ ಹಳೆಯ ದರಕ್ಕೆ ಕೊಡಲಾಗದು ಎಂದಿದ್ದಾರೆ. ಅದು ಮುಂದಿನ ಎಸ್‌ಡಿಎಂಸಿ ಸಭೆಯ ವಿಷಯಪಟ್ಟಿಯಲ್ಲಿದೆ. ಸಿಆರ್‌ಪಿ ಬದಲಾಗಿದ್ದಾರೆ. ಹೊಸಬರು ರಾತ್ರಿ ಹತ್ತಕ್ಕೆ ಸಂದೇಶ ಹಾಕುತ್ತಾರೆ. ಅದೇ ಮಾತನ್ನು ಅವರೊಂದಿಗೂ ಆಡಬೇಕಿದೆ, ಈ ಸಲ ನನ್ನೆದುರು ಅಭ್ಯಾಸ ಮಾಡುವ ಅಗತ್ಯವಿಲ್ಲ ಎಂದು ಟೀಚರ್ ಹೇಳಿದ್ದಾರೆ. ಮುಂದಿನ ಭೇಟಿಯನ್ನು ಮೂರು ತಿಂಗಳ ನಂತರಕ್ಕೆ ಇಟ್ಟಿದ್ದೇವೆ.